ಅಪ್‌ಡೇಟ್: ಸ್ವೀಟ್ ಅಂಡ್ ಸೋರ್ ಸಾಸ್ ಗಂಟಿಲ್ಲದೆ ಬಂತು!

ಕಡಿಮೆ ಖರ್ಚಲ್ಲಿ ಮನೆಯಲ್ಲೇ ಸ್ವೀಟ್ ಅಂಡ್ ಸೋರ್ ಸಾಸ್ ಮಾಡೋದು ಹೇಗೆ ಅಂತ ಹೋದ ವಾರ ಕೇಳಿದ್ದೆನಲ್ಲ, ಮೊದಲ ಸಲ ಕೆಟ್ಟಿತು. ಕುದಿಯೋ ಸಾಸಿಗೆ ಕಾರ್ನ್‌ಫ್ಲೋರ್ ಪುಡಿನೇ ಸುರಿದುಬಿಟ್ಟೆ, ಬರೀ ಗಂಟು.

ನಿನ್ನೆ 2 ಟೀ ಚಮಚ ಪುಡಿಯನ್ನು ಮೊದಲು ತಣ್ಣೀರಲ್ಲಿ ಕದಡಿಟ್ಟೆ. ಅರ್ಧ ಕಪ್ ನೀರಿಗೆ 3 ದೊಡ್ಡ ಚಮಚ ಸಕ್ಕರೆ, ವಿನೆಗರ್ ಮತ್ತು ಕೆಚಪ್ ಎರಡೆರಡು, ಒಂದು ಟೀ ಚಮಚ ಸೋಯಾ ಸಾಸ್. ಕುದಿ ಬಂದ ಮೇಲೆ ಕದಡಿದ್ದನ್ನು ಹಾಕಿ ಕೈಯಾಡಿಸಿದೆ. ಮಬ್ಬಾಗಿದ್ದದ್ದು ಒಂದೇ ನಿಮಿಷದಲ್ಲಿ ಫಳಫಳ ಹೊಳೀತು! ಉಪ್ಪು ಬೇಕಾಗಲಿಲ್ಲ, ಸೋಯಾದಲ್ಲೇ ಇರುತ್ತೆ. ಡೊಂಬಿವಲಿಯ ನಮ್ಮ ಕಿರಾಣಿ ಅಂಗಡಿಯಿಂದ ಹೊಸದಾಗಿ ತಂದದ್ದು ವಿನೆಗರ್ ಒಂದೇ.

ಅತ್ತೆ ಬೆರಳಲ್ಲಿ ನೆಕ್ಕಿ, "ಇದು ನಮ್ಮ ಅನಾನಸ್ ಗೊಜ್ಜಿನ ತಮ್ಮನೇ ಕಣೇ" ಅಂದ್ರು. ಉಳಿದದ್ದನ್ನು ಮಗ ವಡಾಪಾವ್‌ಗೆ ಸವರಿಕೊಂಡು ಮುಗಿಸಿದ.