ನಿಕಾನ್ 180-600 ಲೆನ್ಸ್‌ಗೆ ಬೆನ್ನುಚೀಲ: ಬಾಡಿ ಜೋಡಿಸಿಟ್ಟೇ ಒಯ್ಯಲು ಎಂಥದ್ದು ಸೂಕ್ತ?

ಮಿಂಚುಳ್ಳಿ:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು. ಹಕ್ಕಿಗಳ ಛಾಯಾಗ್ರಹಣದಲ್ಲಿ ಆಸಕ್ತಿಯುಳ್ಳವಳು. ನಿಕಾನ್ ಝಡ್8 ಬಾಡಿಯ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಜೊತೆಗೆ ಈಚೆಗೆ ಝಡ್ 180-600 ಮಿ.ಮೀ. ಝೂಮ್ ಲೆನ್ಸ್ ತೆಗೆದುಕೊಂಡಿದ್ದೇನೆ. ಮೊದಲಿದ್ದ ಚಿಕ್ಕ ಲೆನ್ಸ್‌ಗೆ ಹೆಗಲಿಗೆ ಹಾಕಿಕೊಳ್ಳುವ ಚೀಲ ಸಾಕಾಗುತ್ತಿತ್ತು. ಈ ಲೆನ್ಸ್ ಅದರಲ್ಲಿ ಹಿಡಿಸುವುದಿಲ್ಲ, ಹಿಡಿಸಿದರೂ ಒಂದೇ ಹೆಗಲಿನ ಮೇಲೆ ಇಷ್ಟು ಭಾರ ಹೊತ್ತು ನಡೆಯುವುದು ನನ್ನಿಂದ ಆಗದು.

ಹೆಚ್ಚಾಗಿ ರಂಗನತಿಟ್ಟು ಮತ್ತು ಕಬಿನಿಗೆ ಹೋಗುತ್ತೇನೆ. ಮಳೆಗಾಲದ ಆಚೀಚೆ ಆಗುಂಬೆಯ ಕಡೆ ನಡಿಗೆ ಇರುತ್ತದೆ. ಬಸ್ಸಿನ ಪ್ರಯಾಣವೇ ಹೆಚ್ಚು, ಅಪರೂಪಕ್ಕೊಮ್ಮೆ ವಿಮಾನ. ನನ್ನ ಎತ್ತರ 5 ಅಡಿ 2 ಅಂಗುಲ. ಹಕ್ಕಿ ಕಂಡ ಮೇಲೆ ಲೆನ್ಸ್ ಜೋಡಿಸುತ್ತ ಕೂರಲು ಆಗುವುದಿಲ್ಲವಾದ್ದರಿಂದ ಬಾಡಿ ಮತ್ತು ಲೆನ್ಸ್ ಜೋಡಿಸಿಟ್ಟ ಸ್ಥಿತಿಯಲ್ಲೇ ಬ್ಯಾಗಿನಲ್ಲಿರಬೇಕು. ಅಂಗಡಿಗಳಲ್ಲಿ 25 ಲೀಟರ್, 30 ಲೀಟರ್ ಎಂದು ಹೇಳುತ್ತಾರೆ. ಆ ಲೆಕ್ಕದಿಂದ ನನ್ನ ಲೆನ್ಸ್ ಹಿಡಿಸುತ್ತದೆಯೋ ಇಲ್ಲವೋ ತಿಳಿಯುತ್ತಿಲ್ಲ. ಮುಂದಿನಿಂದ ತೆರೆಯುವುದು ಒಳ್ಳೆಯದೋ, ಬೆನ್ನಿನ ಕಡೆಯಿಂದ ತೆರೆಯುವುದು ಒಳ್ಳೆಯದೋ, ದಯವಿಟ್ಟು ತಿಳಿದವರು ಹೇಳಬೇಕು.

ಕಾಜಾಣ:

ಮಿಂಚುಳ್ಳಿ ಅವರೇ, ಲೀಟರ್ ಲೆಕ್ಕವನ್ನು ಬದಿಗಿಟ್ಟು ಅಳತೆಯ ಟೇಪು ತೆಗೆದುಕೊಳ್ಳಿ. ಲೀಟರ್ ಎಂಬುದು ಇಡೀ ಬ್ಯಾಗಿನ ಒಟ್ಟು ಗಾತ್ರ. ಹೊರಗಿನ ಜೇಬುಗಳು, ಲ್ಯಾಪ್‌ಟಾಪಿನ ಅರೆ, ಮೇಲಿನ ಊಟದ ಡಬ್ಬಿಯ ಜಾಗ ಎಲ್ಲವೂ ಅದರಲ್ಲಿ ಸೇರಿರಬಹುದು. ನಿಮಗೆ ಬೇಕಾದದ್ದು ಮೆತ್ತೆಯಿರುವ ಒಳಭಾಗದ ಉದ್ದ ಮತ್ತು ಆಳ, ಈ ಎರಡೇ.

ನಿಮ್ಮ ಲೆನ್ಸಿನ ಉದ್ದ 315.5 ಮಿ.ಮೀ., ವ್ಯಾಸ 110 ಮಿ.ಮೀ. ಇದು ಒಳಗೇ ಝೂಮ್ ಆಗುವ ಲೆನ್ಸ್ ಆದ್ದರಿಂದ ಆ ಉದ್ದ ಬದಲಾಗುವುದಿಲ್ಲ. ನಿಕಾನಿನದೇ ಹಿಂದಿನ 200-500 ಆಗಲಿ, ಸಿಗ್ಮಾ ಮತ್ತು ಟ್ಯಾಮ್ರಾನ್‌ಗಳ 150-600 ಆಗಲಿ ಮಡಚಿದಾಗ ಗಿಡ್ಡವಾಗಿದ್ದು, ಝೂಮ್ ಮಾಡಿದಾಗ ಉದ್ದವಾಗುತ್ತವೆ. ಆ ಲೆನ್ಸ್‌ಗಳಿಗೆಂದು ಯಾರಾದರೂ ಶಿಫಾರಸು ಮಾಡಿದ ಬ್ಯಾಗು ನಿಮ್ಮದಕ್ಕೆ ಮೂರು ನಾಲ್ಕು ಸೆಂಟಿಮೀಟರ್ ಸಾಲದೇ ಹೋಗಬಹುದು. ಹುಡ್ಡನ್ನು (ಲೆನ್ಸಿನ ಮೂತಿಗೆ ಹಾಕುವ ಬಿಸಿಲುಮರೆ) ತಿರುಗಿಸಿ ಹಾಕಿ, ಬಾಡಿ ಜೋಡಿಸಿ, ಮುಂದಿನ ಮುಚ್ಚಳದಿಂದ ಹಿಂದೆ ಕಣ್ಣಿಡುವ ಐಕಪ್‌ನವರೆಗೆ ನೀವೇ ಅಳೆಯಿರಿ. ಸುಮಾರು 40 ಸೆಂ.ಮೀ. ಹತ್ತಿರ ಬರುತ್ತದೆ. ಎರಡೂ ತುದಿಗೆ ಮೆತ್ತೆ ಬೇಕಾದ್ದರಿಂದ ಒಳಗಿನ ಉದ್ದ 43-44 ಸೆಂ.ಮೀ.ಗಿಂತ ಕಡಿಮೆಯಿರುವ ಬ್ಯಾಗನ್ನು ನೋಡಲೇಬೇಡಿ.

ಆಳದ ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ. ತಿರುಗಿಸಿ ಹಾಕಿದ ಹುಡ್ ಲೆನ್ಸಿನ ವ್ಯಾಸವನ್ನು ಹೆಚ್ಚಿಸುತ್ತದೆ, ಅದರ ಮೇಲೆ ಲೆನ್ಸನ್ನು ಟ್ರೈಪಾಡಿಗೆ ಕೂರಿಸುವ ಕಾಲು, ಅಂದರೆ ಟ್ರೈಪಾಡ್ ಫುಟ್, ಬೇರೆ ಹೊರಚಾಚಿರುತ್ತದೆ. ಫುಟ್ಟನ್ನು ಕಾಲರ್ (ಅದನ್ನು ಲೆನ್ಸಿಗೆ ಹಿಡಿದಿರುವ ಬಳೆ) ಸಮೇತ ಪಕ್ಕಕ್ಕೆ ತಿರುಗಿಸಿಟ್ಟರೆ ಆಳ ಉಳಿಯುತ್ತದೆ, ಆದರೆ ಅಗಲದಲ್ಲಿ ಜಾಗ ತಿನ್ನುತ್ತದೆ. ಫುಟ್ ನೇರವಾಗಿ ಜಿಪ್ಪಿನ ಕಡೆಗೋ ನಿಮ್ಮ ಬೆನ್ನಿನ ಕಡೆಗೋ ಒತ್ತುವಂತೆ ಇಡಬಾರದು. ಜಿಪ್ಪಿನ ಕಡೆಗೆ ಒತ್ತಿದರೆ ಜಿಪ್ ಬೇಗ ಬಿಟ್ಟುಕೊಳ್ಳುತ್ತದೆ, ಬೆನ್ನಿನ ಕಡೆಗೆ ಒತ್ತಿದರೆ ನೀವು ಅರ್ಧ ಕಿಲೋಮೀಟರ್ ನಡೆಯುವಷ್ಟರಲ್ಲಿ ಗೊತ್ತಾಗುತ್ತದೆ.

ಜೋಡಿಸಿಟ್ಟು ಒಯ್ಯುವುದಾದರೆ ಇನ್ನೊಂದು ಎಚ್ಚರಿಕೆ ಅಗತ್ಯ. ಕಾಲರ್ ಸೇರಿ ಲೆನ್ಸ್ 2140 ಗ್ರಾಂ, ಬ್ಯಾಟರಿ ಮತ್ತು ಕಾರ್ಡ್ ಸೇರಿ ಝಡ್8 910 ಗ್ರಾಂ. ಬಸ್ಸು ಕುಲುಕಿದಾಗ ಇವೆರಡೂ ಬೇರೆ ಬೇರೆಯಾಗಿ ಅಲುಗಾಡಿದರೆ ಪೆಟ್ಟು ಬೀಳುವುದು ಇವೆರಡೂ ಸೇರುವ ನಡುವಿನ ಮೌಂಟಿನ ಮೇಲೆ. ಆದ್ದರಿಂದ ಲೆನ್ಸಿನ ಕೊಳವೆಯ ಎರಡೂ ಪಕ್ಕದಲ್ಲಿ ಡಿವೈಡರುಗಳು (ಮೆತ್ತೆಯ ಅಡ್ಡಗೋಡೆಗಳು) ಬಿಗಿಯಾಗಿ ಹಿಡಿದಿರಬೇಕು, ಬಾಡಿಯ ಕೆಳಗೂ ಮೆತ್ತೆಯ ಆಧಾರವಿರಬೇಕು. ಲೆನ್ಸಿನ ಮೂತಿ ಕೆಳಗೆ, ಬಾಡಿ ಮೇಲೆ ಬರುವಂತೆ ಇಟ್ಟರೆ ತೆರೆದ ಕೂಡಲೇ ಬಾಡಿಯ ಹಿಡಿ ಕೈಗೆ ಸಿಗುತ್ತದೆ. ಹಾಗೆ ಇಡುವಾಗ ಮುಂದಿನ ಮುಚ್ಚಳದ ಕೆಳಗೆ ದಪ್ಪ ಸ್ಪಂಜು ಹಾಕಿ.

600 ಮಿ.ಮೀ. ಎಫ್4 ಎಂಬ ಭಾರಿ ಲೆನ್ಸ್‌ಗಳಿಗೆಂದೇ ಮಾಡಿದ ಲೋವೆಪ್ರೊ ಲೆನ್ಸ್ ಟ್ರೆಕರ್ 600ರಂಥ ಉದ್ದನೆಯ ಬ್ಯಾಗುಗಳು ನಿಮಗೆ ಬೇಡ. ಕ್ಯಾನನ್ನಿನ ಆರ್‌ಎಫ್ 600 ಎಫ್4 ಒಂದೇ 472 ಮಿ.ಮೀ. ಉದ್ದವಿದೆ. ಅದಕ್ಕೆ ಹೊಲಿದ ಅಂಗಿ ನಿಮ್ಮ ಲೆನ್ಸ್‌ಗೆ ದೊಗಲೆಯಾಗುತ್ತದೆ.

ಮಲೆನಾಡಿಗ:

ಕಾಜಾಣ ಅವರು ಅಳತೆಯ ವಿಷಯವನ್ನು ಚೆನ್ನಾಗಿ ಹೇಳಿದ್ದಾರೆ. ನಾನು ತೆರೆಯುವ ಬಗೆ ಮತ್ತು ಹೊರುವ ಬಗೆ ಕುರಿತು ಹೇಳುತ್ತೇನೆ.

ಆಗುಂಬೆಯಂಥ ಕಡೆ ನಡೆಯುವವರಿಗೆ ಬೆನ್ನಿನ ಕಡೆಯಿಂದ ತೆರೆಯುವ ಬ್ಯಾಗೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದಿನಿಂದ ತೆರೆಯುವ ಬ್ಯಾಗನ್ನು ಬಿಚ್ಚಬೇಕಾದರೆ ಭುಜದ ಪಟ್ಟಿಯ ಭಾಗವನ್ನು ನೆಲಕ್ಕೆ ತಾಗಿಸಿ ಮಲಗಿಸಬೇಕು. ಕೆಸರು, ಒದ್ದೆ ಎಲೆ, ಇಂಬಳ ಎಲ್ಲವೂ ಆ ಪಟ್ಟಿಗಳಿಗೆ ಹತ್ತಿಕೊಂಡು, ಬ್ಯಾಗು ಮತ್ತೆ ಏರಿಸಿದ ಕೂಡಲೇ ನಿಮ್ಮ ಅಂಗಿಗೆ ಬರುತ್ತವೆ. ಬೆನ್ನಿನ ಕಡೆಯಿಂದ ತೆರೆಯುವ ಲೋವೆಪ್ರೊ ಫ್ಲಿಪ್‌ಸೈಡ್, ಎಫ್‌ಸ್ಟಾಪ್ ಮುಂತಾದವುಗಳಲ್ಲಿ ಹೊರಭಾಗ ಮಾತ್ರ ನೆಲಕ್ಕೆ ತಾಗುತ್ತದೆ. ಟ್ರೈಪಾಡನ್ನು ಹೊರಗಡೆ ನಟ್ಟನಡುವೆ ಕಟ್ಟಿದರೂ ತೆರೆಯಲು ಅಡ್ಡಿಯಾಗುವುದಿಲ್ಲ. ಜನ ತುಂಬಿದ ಬಸ್ಸಿನಲ್ಲಿ ಹಿಂದೆ ನಿಂತವರ ಕೈಗೆ ಜಿಪ್ ಸಿಗುವುದಿಲ್ಲ ಎಂಬುದೂ ಸಣ್ಣ ಅನುಕೂಲವಲ್ಲ. ಸೊಂಟದ ಪಟ್ಟಿಯನ್ನು ಬಿಚ್ಚದೆಯೇ ಬ್ಯಾಗನ್ನು ಮುಂದಕ್ಕೆ ತಿರುಗಿಸಿ ತೆರೆಯಬಹುದು ಎಂದು ಕೆಲವರು ತೋರಿಸುತ್ತಾರೆ. ಚಿಕ್ಕ ಲೆನ್ಸ್‌ಗೆ ಅದು ನಡೆಯುತ್ತದೆ, ಮೂರು ಕಿಲೋ ಮೀರಿದ ನಿಮ್ಮ ಜೋಡಿಯೊಂದಿಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಎರಡು ರೆಕ್ಕೆಗಳಂತೆ ನಡುವಿನಿಂದ ಬಿಚ್ಚಿಕೊಳ್ಳುವ ಗುರಾ ಗೇರ್ ಕಿಬೊಕೊ ಮಾದರಿ ಜೀಪಿನಲ್ಲಿ ಕೂತವರಿಗೆ ಅನುಕೂಲ, ಏಕೆಂದರೆ ಇಕ್ಕಟ್ಟಿನಲ್ಲಿ ಒಂದು ಪಕ್ಕವನ್ನಷ್ಟೇ ತೆರೆಯಬಹುದು. ಆದರೆ ಕಬಿನಿಯ ಸಫಾರಿಯಲ್ಲಿ ಗೇಟು ದಾಟುವ ಮೊದಲೇ ಕ್ಯಾಮೆರಾ ತೊಡೆಯ ಮೇಲೆ, ಲೆನ್ಸಿಗೆ ಆಧಾರವಾಗಿಡುವ ಬೀನ್‌ಬ್ಯಾಗಿನ ಮೇಲೆ ಬಂದಿರುತ್ತದೆ. ಆಮೇಲೆ ಬ್ಯಾಗಿಗೆ ಸೀಟಿನ ಕೆಳಗೆ ಕೂರುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ. ಆದ್ದರಿಂದ ಬ್ಯಾಗನ್ನು ಸಫಾರಿಗಾಗಿ ಆರಿಸಬೇಡಿ, ನಡಿಗೆಗಾಗಿ ಆರಿಸಿ.

ನಿಮ್ಮ ಎತ್ತರಕ್ಕೆ ಅತ್ಯಂತ ಮುಖ್ಯವಾದದ್ದು ಬೆನ್ನಿನ ಉದ್ದ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಕಾಣುವ ಮೂಳೆಯಿಂದ, ಸೊಂಟದ ಎಲುಬಿನ ಮೇಲಂಚಿನ ಮಟ್ಟದವರೆಗೆ ಯಾರಿಂದಲಾದರೂ ಅಳತೆ ತೆಗೆಸಿಕೊಳ್ಳಿ. ಸೊಂಟದ ಪಟ್ಟಿ ಆ ಎಲುಬನ್ನು ತಬ್ಬಿ ಕೂರಬೇಕು, ಹೊಟ್ಟೆಯ ಮೇಲಲ್ಲ, ತೊಡೆಯ ಮೇಲೂ ಅಲ್ಲ. ಭಾರದ ಹೆಚ್ಚಿನ ಪಾಲು ಸೊಂಟಕ್ಕೆ ಇಳಿದಾಗ ಮಾತ್ರ ಭುಜ ಹಗುರವಾಗಿರುತ್ತದೆ. ಕ್ಯಾಮೆರಾ ಬ್ಯಾಗುಗಳಲ್ಲಿ ಬಹಳಷ್ಟು ಒಂದೇ ಬೆನ್ನಳತೆಯಲ್ಲಿ ಬರುತ್ತವೆ, ಸೊಂಟದ ಪಟ್ಟಿಯೂ ಅಲುಗಾಡದಂತೆ ಹಿಡಿಯುವ ತೆಳು ಪಟ್ಟಿಯಷ್ಟೇ ಆಗಿರುತ್ತದೆ. ಅಂಗಡಿಗೆ ನಿಮ್ಮ ಕ್ಯಾಮೆರಾ ಮತ್ತು ಲೆನ್ಸನ್ನೇ ಒಯ್ದು, ಒಳಗಿಟ್ಟು, ಹೊತ್ತುಕೊಂಡು ಮೆಟ್ಟಿಲು ಹತ್ತಿಳಿದು ನೋಡದೆ ಹಣ ಕೊಡಬೇಡಿ.

ಮಿಂಚುಳ್ಳಿ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದ. ಅಳೆದು ನೋಡಿದೆ. ಐಕಪ್ ಸೇರಿ 40 ಸೆಂ.ಮೀ.ಗೆ ಸ್ವಲ್ಪ ಕಡಿಮೆ ಬಂದಿತು. ಇನ್ನು ಎರಡು ಸಂದೇಹಗಳಿವೆ. ಇಂಥ ಬ್ಯಾಗನ್ನು ವಿಮಾನದ ಒಳಗೆ ಬಿಡುತ್ತಾರೆಯೇ? ನನ್ನ ಬಳಿ ಬೆನ್ನಿಗೆ ಚೆನ್ನಾಗಿ ಹೊಂದುವ 40 ಲೀಟರಿನ ಚಾರಣದ ಬ್ಯಾಗೊಂದಿದೆ; ಅದನ್ನೇ ಬಳಸುವ ದಾರಿಯಿದೆಯೇ?

ಹೊಳೆದಂಡೆ:

ಮೇಡಂ, ಮೊದಲು ವಿಮಾನದ ವಿಷಯ. ನಮ್ಮ ದೇಶದೊಳಗಿನ ಹಾರಾಟಗಳಲ್ಲಿ ಇಕಾನಮಿ ಪ್ರಯಾಣಿಕರ ಕೈಸಾಮಾನಿಗೆ ಸಾಮಾನ್ಯವಾಗಿ 7 ಕಿಲೋ ಮಿತಿ. ಅಳತೆ ಸುಮಾರು 55, 35, 25 ಸೆಂ.ಮೀ. ಒಳಗಿರಬೇಕು. ನಿಮ್ಮ ಬಾಡಿ ಮತ್ತು ಲೆನ್ಸ್ ಸೇರಿ 3050 ಗ್ರಾಂ. ಜೊತೆಗೊಂದು ಝಡ್ 24-120 ಎಫ್4 ಇಟ್ಟರೆ 630 ಗ್ರಾಂ ಸೇರಿ 3.7 ಕಿಲೋ ಹತ್ತಿರ. ಬ್ಯಾಗೇ ಎರಡೂಕಾಲು ಕಿಲೋ ಇದ್ದರೆ 6 ಕಿಲೋ ಮುಟ್ಟಿತು. ಅದರ ಮೇಲೆ ಲ್ಯಾಪ್‌ಟಾಪ್ ಮತ್ತು ಚಾರ್ಜರ್ ಇಟ್ಟ ಕೂಡಲೇ ಮಿತಿ ದಾಟುತ್ತದೆ. ಆದ್ದರಿಂದ ಕೊಳ್ಳುವಾಗ ಖಾಲಿ ಬ್ಯಾಗಿನ ತೂಕವನ್ನು ತಪ್ಪದೆ ಕೇಳಿ. ಟ್ರೈಪಾಡ್, ಬೀನ್‌ಬ್ಯಾಗಿನ ಹೊದಿಕೆ, ಚಾರ್ಜರ್‌ಗಳು ಲಗೇಜಿನಲ್ಲಿ ಹೋಗಲಿ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ಮಾತ್ರ ಲಗೇಜಿಗೆ ಹಾಕುವಂತಿಲ್ಲ, ತುದಿಗಳು ಒಂದಕ್ಕೊಂದು ತಾಗದಂತೆ ಮುಚ್ಚಿ ನಿಮ್ಮ ಜೊತೆಯಲ್ಲೇ ಇಟ್ಟುಕೊಳ್ಳಬೇಕು. ಹುಬ್ಬಳ್ಳಿ, ಬೆಳಗಾವಿಯಂಥ ಊರುಗಳಿಗೆ ಹಾರುವ ಎಟಿಆರ್ ಎಂಬ ಚಿಕ್ಕ ವಿಮಾನಗಳಲ್ಲಿ ತಲೆಯ ಮೇಲಿನ ಗೂಡು ಚಿಕ್ಕದು. ತುಂಬಿ ಉಬ್ಬಿದ ಬ್ಯಾಗನ್ನು ಬಾಗಿಲಲ್ಲೇ ಇಳಿಸಿಕೊಳ್ಳುವ ಸಂಭವವಿರುವುದರಿಂದ, ಬೇಕಾದರೆ ಬಾಡಿ ಮತ್ತು ಲೆನ್ಸನ್ನು ತೆಗೆದು ಕೈಯಲ್ಲಿ ಹಿಡಿದುಕೊಳ್ಳುವಂತೆ ಜೋಡಿಸಿಡಿ.

ಚಾರಣದ ಬ್ಯಾಗಿನ ಪ್ರಶ್ನೆ ಕೇಳಿ ಸಂತೋಷವಾಯಿತು. ಬೆನ್ನಿಗೆ ಹೊಂದುವ ಬ್ಯಾಗು ಈಗಾಗಲೇ ಇದ್ದರೆ ಅದಕ್ಕಿಂತ ದೊಡ್ಡ ಅನುಕೂಲವಿಲ್ಲ. ಅದರೊಳಗೆ ಇಳಿಸಬಹುದಾದ ಮೆತ್ತೆಯ ಪೆಟ್ಟಿಗೆಗಳು ಬೇರೆಯಾಗಿ ಸಿಗುತ್ತವೆ. ನಿಯೋಪ್ರೀನ್ ಬಟ್ಟೆಯ ಉದ್ದನೆಯ ಲೆನ್ಸ್ ಚೀಲವೂ ಆದೀತು, ಆದರೆ ಅದು ಗೀರು ಮತ್ತು ಸಣ್ಣ ತಾಕಲಾಟವನ್ನು ತಡೆಯುತ್ತದೆಯೇ ಹೊರತು ಬಿದ್ದರೆ ಕಾಪಾಡುವುದಿಲ್ಲ. ನಿಮ್ಮ ಬ್ಯಾಗಿನ ಮುಂಭಾಗದಲ್ಲಿ ಉದ್ದಕ್ಕೆ ಜಿಪ್ ಇದೆಯೇ ನೋಡಿ. ಮೇಲಿನಿಂದ ಮಾತ್ರ ತೆರೆಯುವಂಥದ್ದಾದರೆ ಕ್ಯಾಮೆರಾವನ್ನು ಎಲ್ಲಕ್ಕಿಂತ ಮೇಲೆ, ಬೆನ್ನಿಗೆ ಅಂಟಿದಂತೆ ಇಟ್ಟು, ನೀರು, ರೇನ್‌ಕೋಟು, ತಿಂಡಿಗಳನ್ನು ಅದರ ಕೆಳಗೂ ಹೊರಗೂ ಹಂಚಬೇಕು. ಭಾರ ಬೆನ್ನಿಗೆ ಹತ್ತಿರವಿದ್ದಷ್ಟೂ ಬ್ಯಾಗು ನಿಮ್ಮನ್ನು ಹಿಂದಕ್ಕೆ ಎಳೆಯುವುದು ಕಡಿಮೆ. ಹಕ್ಕಿ ಹಾರಿಹೋಗುವ ಮುನ್ನ ಹೊರತೆಗೆಯುವ ವೇಗದಲ್ಲಿ ಇದು ಕ್ಯಾಮೆರಾ ಬ್ಯಾಗಿಗೆ ಸಮವಲ್ಲ. ಗಂಟೆಗಟ್ಟಲೆ ನಡೆಯುವುದರಲ್ಲಿ ಅದನ್ನು ಮೀರಿಸುತ್ತದೆ. ಹೊಸದು ಕೊಳ್ಳುವ ಮೊದಲು ಒಂದು ಪೆಟ್ಟಿಗೆ ತಂದು ಇದನ್ನೇ ಬಳಸಿ ನೋಡಿ ಎನ್ನುತ್ತೇನೆ.

ಮಲೆನಾಡಿಗ:

ಹೊಳೆದಂಡೆ ಅವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಮಳೆಯ ಬಗ್ಗೆ ಒಂದಿಷ್ಟು ಸೇರಿಸುತ್ತೇನೆ, ಏಕೆಂದರೆ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯಲ್ಲಿ ಬ್ಯಾಗಿನ ಜೊತೆಗೆ ಬರುವ ಮಳೆ ಹೊದಿಕೆಯೊಂದೇ ಸಾಲದು. ಹೊದಿಕೆ ಮುಚ್ಚುವುದು ಹೊರಮೈಯನ್ನು ಮಾತ್ರ. ಕತ್ತಿನಿಂದ ಇಳಿದ ನೀರು ಬೆನ್ನಿಗೂ ಬ್ಯಾಗಿಗೂ ನಡುವೆ ಹರಿದು ಒಳಗಿನ ಸ್ಪಂಜಿಗೆ ಸೇರುತ್ತದೆ. ಬೆನ್ನಿನ ಕಡೆ ಜಿಪ್ ಇರುವ ಬ್ಯಾಗುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು ಎಂಬುದನ್ನೂ ಹೇಳಬೇಕು. ಬಾಯಿ ಸುರುಳಿ ಸುತ್ತಿ ಮುಚ್ಚುವ ನೀರುನಿರೋಧಕ ಚೀಲವೊಂದನ್ನು ಒಳಗಿಟ್ಟುಕೊಂಡು, ಮಳೆ ಜೋರಾದಾಗ ಕ್ಯಾಮೆರಾವನ್ನು ಅದರೊಳಗೆ ಹಾಕಿ. ಚಾರಣದ ಬ್ಯಾಗಾದರೆ ಪೆಟ್ಟಿಗೆಯ ಸಮೇತ ಹಾಕಬಹುದು.

ಮನೆಗೆ ಬಂದ ಮೇಲೆ ಲೆನ್ಸನ್ನು ಬ್ಯಾಗಿನಲ್ಲಿಯೇ ಬಿಡಬೇಡಿ. ಸ್ಪಂಜು ತೇವವನ್ನು ದಿನಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ, ಕತ್ತಲೆಯೂ ತೇವವೂ ಕೂಡಿದರೆ ಗಾಜಿನ ಮೇಲೆ ಫಂಗಸ್ ಬೆಳೆಯುತ್ತದೆ. ಡಿವೈಡರುಗಳನ್ನೆಲ್ಲ ಕಿತ್ತು, ಬ್ಯಾಗನ್ನು ತೆರೆದು ಫ್ಯಾನಿನ ಕೆಳಗೆ ಒಣಗಿಸಿ. ಲೆನ್ಸನ್ನು ಶೇಕಡಾ 40ರಿಂದ 50ರ ಆರ್ದ್ರತೆಯ ಡ್ರೈ ಕ್ಯಾಬಿನೆಟ್ಟಿನಲ್ಲೋ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲೋ ಇಡಿ. ಇನ್ನು ರೆಸಾರ್ಟಿನ ಎ.ಸಿ. ಕೋಣೆಯಿಂದ ಹೊರಗೆ ಬಂದಾಗ ಬ್ಯಾಗನ್ನು ಕೂಡಲೇ ತೆರೆಯದೆ ಅರ್ಧ ಗಂಟೆಯಾದರೂ ಮುಚ್ಚಿಯೇ ಇಡಿ. ತಣ್ಣಗಿನ ಗಾಜಿನ ಮೇಲೆ ಹೊರಗಿನ ತೇವದ ಗಾಳಿ ಮಂಜು ಕಟ್ಟಿಸುತ್ತದೆ, ಬೆಳಗಿನ ಸಫಾರಿಯ ಮೊದಲ ಹೊತ್ತು ಅದನ್ನು ಒರೆಸುವುದರಲ್ಲೇ ಕಳೆದುಹೋಗುತ್ತದೆ.