1.5 ಮಿ.ಮೀ ಅಲ್ಯೂಮಿನಿಯಂ: ಫ್ರಿಕ್ಷನ್ ಸ್ಟರ್ ಸ್ಪಾಟ್ ವೆಲ್ಡ್ ಎಳೆದರೆ ಮೇಲಿನ ಶೀಟೇ ಹರಿದುಹೋಗುತ್ತಿದೆ

ಕುಶಾಲನಗರ_ವರ್ಕ್‌ಶಾಪ್:
ಕಾಫಿ ಒಣಗಿಸುವ ಟ್ರೇಗಳ ಮೂಲೆಗೆ ರಿವೆಟ್ ಬದಲು ಈ ವೆಲ್ಡ್ (ತಿರುಗುವ ಟೂಲ್ ಒತ್ತಿ, ಲೋಹವನ್ನು ಕರಗಿಸದೆ ಮೆತ್ತಗಾಗಿಸಿ ಕಲಸಿ ಬೆಸೆಯುವುದು) ಹಾಕುತ್ತಿದ್ದೇವೆ. ಶೀಟ್ 5052-ಎಚ್32 ಅಲ್ಯೂಮಿನಿಯಂ ಮಿಶ್ರಲೋಹ, 1.5ರ ಮೇಲೆ 1.5 ಮಿ.ಮೀ. ಮಿಲ್ಲಿಂಗ್ ಮಷಿನ್, ಎಚ್13 ಉಕ್ಕಿನ ಟೂಲ್. ಶೋಲ್ಡರ್ (ಟೂಲಿನ ಅಗಲ ಮುಖ) 12 ಮಿ.ಮೀ, ಅದರ ನಡುವೆ ಚಾಚಿದ ಪಿನ್ 4 ಮಿ.ಮೀ ದಪ್ಪ, 2.3 ಉದ್ದ. 1400 ಆರ್‌ಪಿಎಂ, ಶೋಲ್ಡರ್ 0.2 ಮಿ.ಮೀ ಒಳಗೆ, ಡ್ವೆಲ್ (ಟೂಲ್ ಆಳದಲ್ಲಿ ತಿರುಗುತ್ತಾ ನಿಲ್ಲುವ ಹೊತ್ತು) 6 ಸೆಕೆಂಡ್. ನೋಡಲು ಚೆನ್ನಾಗಿದೆ. ಎಳೆದರೆ ವೆಲ್ಡ್ ಗುಂಡಿಯ ಹಾಗೆ ಕೆಳಗಿನ ಶೀಟಿನಲ್ಲೇ ಉಳಿದು ಮೇಲಿನದರಲ್ಲಿ ತೂತು ಬೀಳುತ್ತದೆ. ಟೂಲ್ ಇನ್ನೂ 0.4 ಮಿ.ಮೀ ಇಳಿಸಲೇ?

ಲೋಹಶಾಸ್ತ್ರ_ಪೊನ್ನಂಪೇಟೆ:
ಬೇಡಿ ಸರ್. ಈಗಲೇ ಪಿನ್ ತುದಿ 2.5 ಮಿ.ಮೀ ಆಳದಲ್ಲಿದೆ. ಇನ್ನೂ 0.4 ಇಳಿಸಿದರೆ ಅಡಿಯಲ್ಲಿ ಉಳಿಯುವುದು ಬರೀ 0.1, ಶೋಲ್ಡರ್ ಕೆಳಗೆ ಮೇಲಿನ ಶೀಟೂ 0.9ಕ್ಕೆ ಇಳಿಯುತ್ತದೆ.

ನಿಮ್ಮ ಲಕ್ಷಣಕ್ಕೆ ಮೊದಲು ಅನುಮಾನ ಪಡಬೇಕಾದದ್ದು ಹುಕ್. ಪಿನ್ ಇಳಿಯುವಾಗ ಸುತ್ತಲಿನ ಲೋಹ ಮೇಲೇಳುತ್ತದೆ. ಎರಡು ಶೀಟಿನ ನಡುವಿನ ಬೆಸೆಯದ ಗೆರೆಯೂ ಅದರ ಜೊತೆ ಮೇಲಕ್ಕೆ ಬಾಗುತ್ತದೆ; ಅದೇ ಹುಕ್. ಬಿರುಕು ಶುರುವಾಗುವುದು ಆ ಗೆರೆಯ ತುದಿಯಿಂದ. ಹಾಗಾಗಿ ತುದಿಯಿಂದ ಶೋಲ್ಡರ್ ಒತ್ತಿದ ಮೇಲ್ಮೈವರೆಗೆ ಉಳಿದ ದಪ್ಪವೇ ನಿಮ್ಮ ಜೋಡಣೆಯ ನಿಜವಾದ ಬಲ. ಡ್ವೆಲ್ ಉದ್ದವಾದಷ್ಟೂ, ಆಳ ಹೆಚ್ಚಾದಷ್ಟೂ ಸಾಮಾನ್ಯವಾಗಿ ಹುಕ್ ಎತ್ತರವಾಗುತ್ತದೆ.

ಊಹಿಸಬೇಡಿ, ಕತ್ತರಿಸಿ ನೋಡಿ. ಪಿನ್ ತೂತಿನ ಸರಿಮಧ್ಯಕ್ಕೆ ಕೊಯ್ದು 400, 800, 1200 ಎಮರಿ ಪೇಪರಿನಲ್ಲಿ ನೀರು ಹಾಕಿ ಉಜ್ಜಿ. ಶೇ. 10ರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೊಳೆದರೆ ಗೆರೆ ಎದ್ದು ಕಾಣುತ್ತದೆ, 10 ಪಟ್ಟಿನ ಲೆನ್ಸ್ ಸಾಕು. ಕನ್ನಡಕ, ಗ್ಲೌಸ್ ಬೇಕೇ ಬೇಕು; ಹೈಡ್ರೋಜನ್ ಬರುತ್ತದೆ, ಕಿಟಕಿ ತೆರೆದಿರಲಿ.

ಆಮೇಲೆ ಆಳ ಹಾಗೇ ಇಟ್ಟು ಡ್ವೆಲ್ ಮಾತ್ರ 1, 2, 3 ಸೆಕೆಂಡ್ ಮಾಡಿ. ತೀರಾ ಕಡಿಮೆಯಾದರೆ ಬೆಸುಗೆಯ ಅಗಲ ಸಾಲದೆ ಎರಡು ಶೀಟಿನ ನಡುವೆಯೇ ಕತ್ತರಿಸಿ ಬಿಡುತ್ತದೆ. ಒಡೆದ ಮುಖ ನೋಡಿದರೆ ಯಾವ ಕಡೆ ತಪ್ಪಿದ್ದೀರಿ ಎಂದು ಗೊತ್ತಾಗುತ್ತದೆ. ಸ್ಯಾಂಪಲ್ 100 × 25 ಮಿ.ಮೀ, ಓವರ್‌ಲ್ಯಾಪ್ 25. ಹಿಡಿಯುವ ತುದಿಗಳಿಗೆ 1.5 ಮಿ.ಮೀ ತುಂಡು ಕೊಡಿ, ಇಲ್ಲವಾದರೆ ಎಳೆತ ಓರೆಯಾಗಿ ಅಳತೆ ಕೆಡುತ್ತದೆ.

ಟೂಲ್‌ರೂಮ್_ವಿರಾಜಪೇಟೆ:
ಮೇಲಿನದು ಸರಿ. ಪಿನ್‌ಗೆ ಮೂರು ಚಪ್ಪಟೆ ಮುಖ ಕೊಟ್ಟೂ ನೋಡಿ, ಉರುಟು ಪಿನ್ನಿಗಿಂತ ಹುಕ್ ತಗ್ಗುತ್ತದೆ.

ಇನ್ನೊಂದು, ನಮ್ಮ ಮಳೆಗಾಲದಲ್ಲಿ ಅಟ್ಟಿ ಹಾಕಿದ ಶೀಟುಗಳ ನಡುವೆ ನೀರು ಸೇರಿ ಬಿಳಿ ಕಲೆ ಕಟ್ಟುತ್ತದೆ. ಅದರ ಮೇಲೇ ವೆಲ್ಡ್ ಹಾಕಿದರೆ ಆಕ್ಸೈಡ್ ಒಳಗೇ ಸಿಕ್ಕಿಕೊಳ್ಳುತ್ತದೆ. ಕಬ್ಬಿಣಕ್ಕೆ ಮುಟ್ಟಿಸದ ಸ್ಟೇನ್‌ಲೆಸ್ ಬ್ರಷ್ ಹಾಕಿ, ಅಸಿಟೋನ್‌ನಲ್ಲಿ ಒರೆಸಿ, ಅಂದೇ ವೆಲ್ಡ್ ಮಾಡಿ. ಕ್ಲ್ಯಾಂಪ್ ಟೂಲಿಗೆ ಆದಷ್ಟು ಹತ್ತಿರವಿರಲಿ. ನಡುವೆ ಸಂದು ಬಿಟ್ಟರೆ ಯಾವ ಸೆಟ್ಟಿಂಗೂ ಉಳಿಸದು.

ಮೂಲೆಯಲ್ಲಿ ಶೀಟ್ ಸುಲಿದು ಏಳುವಂಥ ಭಾರ ಬೀಳದಂತೆ ಮಡಿಸಿ. ಪಕ್ಕಕ್ಕೆ ಎಳೆಯುವ ಭಾರವನ್ನು ಈ ವೆಲ್ಡ್ ತಡೆಯುವಷ್ಟು ಸುಲಿತವನ್ನು ತಡೆಯುವುದಿಲ್ಲ.

ಕುಶಾಲನಗರ_ವರ್ಕ್‌ಶಾಪ್:
ಧನ್ಯವಾದ. ಪಿನ್ ಬಿಟ್ಟ ತೂತಿನಲ್ಲಿ ನೀರು ನಿಲ್ಲುತ್ತದಲ್ಲ, ಅದಕ್ಕೇನು?

ಟೂಲ್‌ರೂಮ್_ವಿರಾಜಪೇಟೆ:
ತೂತಿನ ಮುಖ ಟ್ರೇಯ ಹೊರಗೆ, ಕೆಳಮುಖವಾಗಿ ಬರುವಂತೆ ವೆಲ್ಡ್ ಮಾಡಿ. ಚೆನ್ನಾಗಿ ಒಣಗಿಸಿ ಎಪಾಕ್ಸಿ ತುಂಬಿ, ಓವರ್‌ಲ್ಯಾಪಿನ ಅಂಚಿಗೂ ಎಳೆಯಿರಿ. ಡ್ರೈಯರ್ ಒಳಗೆ ಹೋಗುವ ಟ್ರೇ ಆದರೆ ಆ ಶಾಖ ತಡೆಯುವ, ಆಹಾರಕ್ಕೆ ಒಪ್ಪುವ ಎಪಾಕ್ಸಿಯೇ ಆಗಬೇಕು.