ಹದಿನೈದು ದಿನದಲ್ಲಿ ಫ್ರೆಂಚ್ ಬಂದೀತೇ?

ಕಳೆದ ವಾರ ವಿಜಯನಗರದ ತಾಯಿಯೊಬ್ಬರು ಕೇಳಿದ್ದರು: ಎಂಟನೇ ತರಗತಿ ಮುಗಿಸಿದ ಮಗಳು ಶಾಲೆಯಲ್ಲಿ ಫ್ರೆಂಚ್ ಓದುತ್ತಿದ್ದಾಳೆ. ಈ ಬೇಸಿಗೆಯಲ್ಲಿ ಊರಾಚೆ ನಡೆಯುವ ಎರಡು ವಾರದ ಫ್ರೆಂಚ್ ವಸತಿ ಶಿಬಿರಕ್ಕೆ ಹೋಗಲೇಬೇಕೆಂದು ಹಟ ಹಿಡಿದಿದ್ದಾಳೆ. ಯಜಮಾನರಿಗೆ ದುಡ್ಡು ದಂಡ ಅನ್ನಿಸಿದೆ, ಅತ್ತೆಯವರಿಗೆ ಹೆಣ್ಣುಮಗುವನ್ನು ಹೊರಗೆ ಬಿಡಲು ಭಯ. ಏನು ಮಾಡಲಿ?

*

ಸೋದರಿ, ಇಪ್ಪತ್ತು ವರ್ಷ ಫ್ರೆಂಚ್ ಕಲಿಸಿದವಳು ನಾನು. ಮೊದಲ ಹಂತವಾದ ಎ1 ಮುಗಿಸಲು ಸಾಮಾನ್ಯವಾಗಿ 80ರಿಂದ 100 ಗಂಟೆ ಪಾಠ ಬೇಕು. ದಿನಕ್ಕೆ 5 ಗಂಟೆಯಂತೆ 14 ದಿನ ಕೂತರೂ 70 ಗಂಟೆ. ಹಾಗಾಗಿ ಮಗಳು ಫ್ರೆಂಚ್ ಕಲಿತು ಬರುತ್ತಾಳೆ ಅಂದುಕೊಳ್ಳಬೇಡಿ. ಆದರೆ ಕಿವಿ ತೆರೆಯುತ್ತದೆ. ತರಗತಿಯಲ್ಲಿ ನೂರಕ್ಕೆ ತೊಂಬತ್ತು ತೆಗೆದ ಮಕ್ಕಳು ಫ್ರೆಂಚಿನಲ್ಲಿ ಒಂದು ಲೋಟ ನೀರು ಕೇಳಲು ತಡವರಿಸುವುದನ್ನು ಬೇಕಾದಷ್ಟು ನೋಡಿದ್ದೇನೆ. ಆ ಭಾಷೆಯಲ್ಲಿ ಪದದ ಕೊನೆಯ ವ್ಯಂಜನ ಬಹಳ ಸಲ ಬಾಯಿಗೇ ಬರುವುದಿಲ್ಲ. ಬರೆದಂತೆ ಓದಿ ಬೆಳೆದ ನಮ್ಮ ಮಕ್ಕಳು ಮೊದಲು ಮುಗ್ಗರಿಸುವುದೇ ಅಲ್ಲಿ. ಮೇಜು ಹೆಣ್ಣು, ಪುಸ್ತಕ ಗಂಡು. ತೊಂಬತ್ತೇಳು ಅನ್ನಲು ‘ನಾಲ್ಕು ಇಪ್ಪತ್ತು, ಹದಿನೇಳು’ ಅನ್ನಬೇಕು. ಇಸ್ಪೀಟು ಆಡುತ್ತಾ ಅಂಕ ಎಣಿಸಿದರೆ ಇದೆಲ್ಲ ತಾನಾಗಿ ಕೂರುತ್ತದೆ. ‘ತು’ ಮತ್ತು ‘ವು’ ವ್ಯತ್ಯಾಸವನ್ನು ಮಾತ್ರ ನಮ್ಮವರಿಗೆ ವಿವರಿಸಬೇಕಿಲ್ಲ, ನೀನು–ನೀವು ಹುಟ್ಟಿನಿಂದ ಗೊತ್ತು.

ಒಮ್ಮೆ ಇಂಥ ಶಿಬಿರವೊಂದರಲ್ಲಿ ಪಾಠ ಮಾಡಿದ್ದೆ. ಏನೂ ಬಾರದವರನ್ನೂ ಮೂರು ವರ್ಷ ಕಲಿತವರನ್ನೂ ಒಂದೇ ಗುಂಪಿಗೆ ಹಾಕಿದ್ದರು. ಮೂರನೇ ದಿನಕ್ಕೆ ಎಲ್ಲರೂ ಇಂಗ್ಲಿಷಿಗೆ ಇಳಿದುಬಿಟ್ಟರು. ಅಮೆರಿಕದ ಮಿನೆಸೋಟದಲ್ಲಿ 1961ರಿಂದ ಕನ್ಕಾರ್ಡಿಯಾ ಭಾಷಾ ಗ್ರಾಮಗಳೆಂಬ ಶಿಬಿರಗಳು ನಡೆಯುತ್ತಿವೆ. ಅಲ್ಲಿ ಮಕ್ಕಳು ತಾವು ಕಲಿಯುವ ಭಾಷೆಯದೇ ಒಂದು ಹೊಸ ಹೆಸರಿಟ್ಟುಕೊಳ್ಳುತ್ತಾರೆ. ಊಟ, ಹಾಡು, ಆಟ ಎಲ್ಲವೂ ಆ ಭಾಷೆಯಲ್ಲೇ. ದುಡ್ಡು ಕಟ್ಟುವ ಮೊದಲು ನೀವು ಕೇಳಬೇಕಾದದ್ದೂ ಇದನ್ನೇ: ಊಟದ ಮನೆಯಲ್ಲಿ ಯಾವ ಭಾಷೆ? ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು? ತಡವರಿಸಿ ಉತ್ತರ ಕೊಟ್ಟರೆ ಎದ್ದು ಬನ್ನಿ.
– ಫ್ರೆಂಚ್ ಶಿಕ್ಷಕಿ, ಜಯನಗರ

*

ನಾನು ನಿಮ್ಮ ಯಜಮಾನರ ಪಕ್ಷ. ಕಂಟೋನ್ಮೆಂಟ್ ರೈಲು ನಿಲ್ದಾಣದ ಹತ್ತಿರ, ವಸಂತನಗರದ ತಿಮ್ಮಯ್ಯ ರಸ್ತೆಯಲ್ಲಿ ಫ್ರೆಂಚ್ ಕಲಿಸುವ ಸಂಸ್ಥೆ ಅಲಿಯಾನ್ಸ್ ಫ್ರಾಂಸೇಸ್ ಇದೆಯಲ್ಲ, ಕಲಿತು ರಾತ್ರಿ ಮನೆಯ ಅನ್ನಕ್ಕೆ ಬರಬಹುದು. ಆಮೇಲೆ ಫ್ರೆಂಚ್ ಎಷ್ಟು ಬರುತ್ತದೆಂದು ಅಳೆಯುವ ಡೆಲ್ಫ್ ಪರೀಕ್ಷೆ ಬರೆಸಿ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ಒಂದೊಂದಕ್ಕೆ 25 ಅಂಕ. ಒಟ್ಟು 50 ಬಂದರೆ ಪಾಸು, ಆದರೆ ಯಾವುದರಲ್ಲೂ 5ಕ್ಕಿಂತ ಕಡಿಮೆ ಬರಬಾರದು. ಆ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದೆಂಬುದಿಲ್ಲ. ಶಿಬಿರದವರು ಕೊಡುವ ಬಣ್ಣದ ಕಾಗದ ಶೋಕೇಸಿಗೆ ಸರಿ.
– ಇಬ್ಬರು ಮಕ್ಕಳ ತಂದೆ, ರಾಜಾಜಿನಗರ

*

ಯಾರಾದರೂ ‘ಫ್ರಾನ್ಸಿಗೇ ಕಳಿಸಿ’ ಅಂದರೆ ಕ್ಯಾಲೆಂಡರ್ ನೋಡಿಕೊಳ್ಳಿ. ಅಲ್ಲಿನ ಶಾಲೆಗಳ ಬೇಸಿಗೆ ರಜೆ ಜುಲೈ, ಆಗಸ್ಟ್. ಶಿಬಿರಗಳು ಹೆಚ್ಚಾಗಿ ಆಗಲೇ. ನಮ್ಮದು ಏಪ್ರಿಲ್, ಮೇ. ನನ್ನ ತಂಗಿಯನ್ನು ಹೊರಡಿಸಲು ಹೋಗಿ ಕಿರುಪರೀಕ್ಷೆಗೆ ಡಿಕ್ಕಿ ಹೊಡೆದೆವು. ಫ್ರಾನ್ಸಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊವರೆಗಿನ ಖರ್ಚು ಭರಿಸುವ ವೈದ್ಯಕೀಯ ವಿಮೆ ಬೇರೆ ಬೇಕು.
– ಎಂಜಿನಿಯರಿಂಗ್ ವಿದ್ಯಾರ್ಥಿ, ಯಲಹಂಕ

*

ಅಕ್ಕಾ, ಕಳಿಸಿ. ನನ್ನ ಮಗಳು ಎರಡನೇ ರಾತ್ರಿ ಫೋನ್ ಮಾಡಿ, ‘ಅಮ್ಮಾ, ಬಂದು ಕರ್ಕೊಂಡ್ ಹೋಗು’ ಅಂತ ಅತ್ತಿದ್ದಳು. ‘ಭಾನುವಾರದವರೆಗೆ ನೋಡು’ ಅಂದೆ, ಫೋನಿಟ್ಟು ನಾನೂ ಅತ್ತೆ. ಭಾನುವಾರ ಅವಳಿಗೆ ಮಾತಾಡಲು ಪುರಸೊತ್ತೇ ಇರಲಿಲ್ಲ. ಮನೆಗೆ ಬಂದ ದಿನ ಊಟಕ್ಕೆ ಕೂತು ಅಪ್ಪನಿಗೆ, ‘ಪಾಸ್ ಮುವಾ ಲ ಸೆಲ್’ ಅಂದಳು. ಇವರು ಜೇಬಿಂದ ಮೊಬೈಲ್ ತೆಗೆದು ಕೊಟ್ಟರು. ಅವಳು ಕೇಳಿದ್ದು ಉಪ್ಪು! ಈಗಲೂ ನಮ್ಮ ಮನೆಯಲ್ಲಿ ಉಪ್ಪಿಗೆ ಸೆಲ್ ಅಂತಲೇ ಹೆಸರು.

ಅತ್ತೆಯವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಒಂದು ದಿನ ಅವರನ್ನೂ ಕರೆದುಕೊಂಡು ಹೋಗಿ ಜಾಗ ತೋರಿಸಿ. ನಮ್ಮತ್ತೆ ವಾರ್ಡನ್ ಹೆಂಗಸೇನಾ ಅಂತ ವಿಚಾರಿಸಿ, ಬಚ್ಚಲಮನೆ ಚಿಲಕವನ್ನೂ ಎಳೆದು ನೋಡಿದರು. ಹೊರಡುವ ದಿನ ಚಕ್ಕುಲಿ ಡಬ್ಬಿ ಕಟ್ಟಿದ್ದು ಅವರೇ.
– ಗೃಹಿಣಿ, ಬಸವನಗುಡಿ